ಅಂಗೈಯ ಅಳತೆ

ಎರ್ಲಾಂಗೆನ್
9 ಫೆಬ್ರುವರಿ 2025

ಚಿ. ಭೂಮಿಕಾಗೆ ಅಪ್ಪನ ಆಶೀರ್ವಾದ.

ನಿನಗೆ ನಾನು ಪೂರ್ತಿ ಪತ್ರ ಬರೆಯುತ್ತಿರುವುದು ಇದೇ ಮೊದಲು. ಇಷ್ಟು ವರ್ಷ ನಿನ್ನ ಅವ್ವ ಬರೆಯುತ್ತಿದ್ದಳು. ಕೊನೆಯಲ್ಲಿ ಎರಡು ಬೆರಳಿನಷ್ಟು ಜಾಗ ಬಿಟ್ಟು ಹಾಳೆಯನ್ನು ನನ್ನ ಕಡೆ ತಳ್ಳುತ್ತಿದ್ದಳು. ನಾನು ‘ಎಲ್ಲ ಕ್ಷೇಮ, ಅಪ್ಪ’ ಎಂದು ಬರೆಯುತ್ತಿದ್ದೆ. ಕ್ಷೇಮವಿಲ್ಲದಾಗಲೂ ಅದನ್ನೇ ಬರೆದಿದ್ದೇನೆ. ಈಗ ಮೇಲಿನ ಜಾಗವನ್ನೂ ನಾನೇ ತುಂಬಬೇಕಾಗಿದೆ.

ಫೋನಿನಲ್ಲಿ ನಮ್ಮಿಬ್ಬರಿಗೆ ಆಗುತ್ತಿಲ್ಲ. ‘ಊಟ ಆತೇನ್ರಿ?’ ಎನ್ನುತ್ತೀಯ. ‘ಆತು. ನಿಂದು?’ ಎನ್ನುತ್ತೇನೆ. ‘ಆತು.’ ಅಷ್ಟಕ್ಕೇ ಮುಗಿಯುತ್ತದೆ. ಹೋದ ಭಾನುವಾರ ನಿನ್ನ ಕಡೆಯಿಂದ ಯಾವುದೋ ಯಂತ್ರದ ಸದ್ದು ಬರುತ್ತಿತ್ತು. ಕಂಪ್ರೆಸರ್ ಇರಬೇಕು ಎಂದುಕೊಂಡು ಅದನ್ನೇ ಕೇಳುತ್ತ ಕುಳಿತೆ. ಸದ್ದು ನಿಂತ ಮೇಲೆಯೇ ನೀನು ಫೋನ್ ಇಟ್ಟದ್ದು ಗೊತ್ತಾಯಿತು.

ಅವ್ವನ ಸಮಾಧಿಯ ಹತ್ತಿರ ಹೋಗಿದ್ದೆ. ಜನವರಿಯಲ್ಲಿ ಬಿಟ್ಟುಬಂದ ಹಾಗೆಯೇ ಇದೆ. ಮಣ್ಣು ಹೆಪ್ಪುಗಟ್ಟಿದೆ. ಮರದ ಫಲಕದ ಮೇಲೆ ಪ್ರೇಮಕುಮಾರಿ ಎಂಬ ಹೆಸರನ್ನು ಸರಿಯಾಗಿಯೇ ಬರೆದಿದ್ದಾರೆ. ಕಲ್ಲನ್ನು ಈಗಲೇ ಇಡುವಂತಿಲ್ಲ, ಮೊದಲು ಮಣ್ಣು ಕೂರಬೇಕು, ಶರತ್ಕಾಲದವರೆಗೆ ಕಾಯಿರಿ ಎಂದು ಸ್ಮಶಾನದ ಕಚೇರಿಯವರು ಹೇಳಿದರು. ಎಂಜಿನಿಯರನಾದ ನನಗೆ ಅದು ಅರ್ಥವಾಗುವ ಮಾತು. ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ, ಇಲ್ಲಿ ಮಲಗಿಸಬೇಕಾಯಿತು ಎಂಬುದನ್ನು ಹುಬ್ಬಳ್ಳಿಯ ನಿನ್ನ ಸೋದರತ್ತೆ ಸಿದ್ದಕ್ಕನಿಗೆ ಇನ್ನೂ ಹೇಳಿಲ್ಲ.

ಒಂದು ವಿಷಯ ಕೇಳುವುದಿತ್ತು. ಜರ್ಮನ್ ಸೈನ್ಯದ ಜೊತೆ ನಿನ್ನ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತದೆ ಎಂದು ಅವ್ವ ಹೇಳಿದ್ದಳು. ಮುಂದೇನು ಎಂಬುದನ್ನು ನೀವಿಬ್ಬರೂ ಮಾತಾಡಿಕೊಂಡಿರಬೇಕು. ನನಗೆ ಗೊತ್ತಿಲ್ಲ. ತೊಂದರೆಯಿಲ್ಲದಿದ್ದರೆ ಬರೆ.

ಎಲ್ಲ ಕ್ಷೇಮ.
ಅಪ್ಪ


ಔಗುಸ್ಟ್‌ಡೋರ್ಫ್
2 ಮಾರ್ಚ್ 2025

ಅಪ್ಪ,

ಪತ್ರ ತಲುಪಿತು. ನನ್ನ ಕನ್ನಡದಲ್ಲಿ ತಪ್ಪಿದ್ದರೆ ಬಿಟ್ಟುಬಿಡಿ. ಅವ್ವ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದಳು. ನಮ್ಮ ಬ್ಯಾರಕ್ಸಿನಲ್ಲಿ ಅಂಚೆ ಹಂಚುವವನು, ‘ನಿಮ್ಮ ಮನೆಯಲ್ಲಿ ಯಾರಾದರೂ ಗೂಢಚಾರರೇ?’ ಎಂದು ಒಮ್ಮೆ ಕೇಳಿದ್ದ. ‘ಇಲ್ಲ, ಶಾಲೆಯ ಟೀಚರ್ ಆಗಿದ್ದರು’ ಎಂದೆ. ‘ಅದು ಇನ್ನೂ ಅಪಾಯ’ ಎಂದ.

ನನ್ನ ಮುಂದೆ ಎರಡು ದಾರಿಗಳಿವೆ. ಒಂದು, ಸಕ್ರಿಯ ಸೇವೆಯಲ್ಲೇ ಮುಂದುವರಿಯುವುದು. ಇನ್ನೂ ನಾಲ್ಕು ವರ್ಷಕ್ಕೆ ಸಹಿ ಹಾಕಬೇಕು. ನಮ್ಮ ಬೆಟಾಲಿಯನ್ ಲಿಥುವೇನಿಯಾಕ್ಕೆ ಹೋಗಿ ನೆಲೆಸಲಿದೆ. ಟ್ಯಾಂಕ್‌ಗಳ ಜೊತೆ ಅವನ್ನು ರಿಪೇರಿ ಮಾಡುವವರೂ ಹೋಗಬೇಕು. ಒತ್ತಾಯವಿಲ್ಲ. ಒಪ್ಪಿದರೆ ಜನವರಿಯಲ್ಲಿ ಹೊರಡುವುದು.

ಇನ್ನೊಂದು, ಸಕ್ರಿಯ ಸೇವೆ ಬಿಟ್ಟು ಮೀಸಲು ಪಡೆಗೆ ಬರುವುದು. ವರ್ಷಕ್ಕೆ ಎರಡು ವಾರ ಬಂದು ಹೋಗುವ ಮೀಸಲು ಅಲ್ಲ ಇದು. ದಿನವೂ ಸಮವಸ್ತ್ರ ಹಾಕುವ ಪೂರ್ಣಾವಧಿ ಕೆಲಸ. ನ್ಯೂರೆಂಬರ್ಗ್ ಪಕ್ಕದ ರೋಟ್‌ನಲ್ಲಿ, ದೇಶದೊಳಗಿನ ಕಾವಲು ನೋಡಿಕೊಳ್ಳುವ ಘಟಕಕ್ಕೆ ವಾಹನ ರಿಪೇರಿ ಬಲ್ಲವರು ಬೇಕಂತೆ. ಅದರ ಕಾಗದ ಒಂದು ಸಲಕ್ಕೆ ಕೆಲವೇ ತಿಂಗಳಿಗೆ. ಮುಗಿದಾಗ ಮತ್ತೆ ಅರ್ಜಿ ಹಾಕಬೇಕು. ಎರ್ಲಾಂಗೆನ್‌ನ ಮನೆಯಿಂದಲೇ ರೈಲಿನಲ್ಲಿ ಹೋಗಿಬರಬಹುದು.

ಸೆಪ್ಟೆಂಬರ್ ಮುಗಿಯುವುದರೊಳಗೆ ಹೇಳಬೇಕು.

ಇದನ್ನೆಲ್ಲ ನವೆಂಬರಿನಲ್ಲಿ ಅವ್ವನಿಗೆ ಹೇಳಿದ್ದೆ. ಏನು ಮಾಡಲಿ ಎಂದು ಕೇಳಿದ್ದೆ. ‘ನಾ ಹೇಳಿದ್ರ ನಿನಗ ಸಿಟ್ಟು ಬರ್ತೈತಿ, ಹೇಳದಿದ್ರ ನನಗ ಸಿಟ್ಟು ಬರ್ತೈತಿ. ಕ್ರಿಸ್‌ಮಸ್ಸಿಗೆ ಬಾ, ಕುಂತು ಜಗಳಾಡೂಣು’ ಎಂದಳು. ಕ್ರಿಸ್‌ಮಸ್ಸಿಗೆ ನನಗೆ ಡ್ಯೂಟಿ ಬಿತ್ತು.

ಇಲ್ಲಿ ಎಲ್ಲ ಎಂದಿನಂತಿದೆ. ಕೆಲಸ ಮಾಡುತ್ತೇನೆ, ತಿನ್ನುತ್ತೇನೆ, ನಿದ್ದೆ ಬರುತ್ತದೆ. ಬರಬಾರದು ಅನ್ನಿಸುತ್ತದೆ, ಆದರೂ ಬರುತ್ತದೆ.

ಭೂಮಿಕಾ


ಎರ್ಲಾಂಗೆನ್
30 ಮಾರ್ಚ್ 2025

ಚಿ. ಭೂಮಿಕಾಗೆ ಆಶೀರ್ವಾದ.

ಇವತ್ತು ಯುಗಾದಿ. ನಮ್ಮಲ್ಲಿ ಸೂತಕವಿಲ್ಲ, ಹಬ್ಬ ಮಾಡಬಹುದಿತ್ತು. ನಿನ್ನೆ ನ್ಯೂರೆಂಬರ್ಗಿನ ಇಂಡಿಯನ್ ಅಂಗಡಿಯವರೆಗೆ ಹೋಗಿ ಬೇವು ಕೊಳ್ಳದೆ ಅಕ್ಕಿ ಮಾತ್ರ ಕೊಂಡು ಬಂದೆ.

ಸಂಜೆ ಪ್ರವೀಣಕುಮಾರ ಬಂದಿದ್ದ. ನಮ್ಮ ಕಂಪನಿಗೆ ಧಾರವಾಡದಿಂದ ಬಂದ ಹುಡುಗ. ನಿನಗೆ ನೆನಪಿರಬಹುದು, ಮಣ್ಣು ಕೊಡುವ ದಿನ ಫೋನನ್ನು ಎತ್ತಿ ಹಿಡಿದು ಹುಬ್ಬಳ್ಳಿಯ ಅಯ್ಯನವರ ಮಂತ್ರ ಕೇಳಿಸಿದವನು. ನೆಟ್‌ವರ್ಕ್ ಹೋದಾಗಲೆಲ್ಲ ತಾನೇ ‘ಓಂ ನಮಃ ಶಿವಾಯ’ ಎಂದು ಜಾಗ ತುಂಬುತ್ತಿದ್ದ. ಹೋಳಿಗೆ ತಂದಿದ್ದ. ನಿನ್ನ ಎರಡು ದಾರಿಗಳ ವಿಷಯ ಹೇಳಿದೆ. ತಿನ್ನುತ್ತ ಕೇಳಿದ:

‘ಕಾಕಾ, ಈ ರಿಸರ್ವ್ ಅಂದ್ರ ಏನ್ರಿ? ಕ್ರಿಕೆಟ್ಟಿನಾಗ ಹನ್ನೆರಡನೇ ಪ್ಲೇಯರ್ ಇದ್ದಂಗೇನು?’

‘ಅಲ್ಲೋ. ಅಕಿ ದಿನಾ ಕೆಲಸಕ್ಕ ಹೋಗ್ತಾಳ.’

‘ಮತ್ತ ಆಕ್ಟಿವ್ ಅಂದ್ರ?’

‘ಆವಾಗೂ ದಿನಾ ಹೋಗ್ತಾಳ.’

‘ಹಂಗಾದ್ರ ಫರಕ್ ಏನ್ ಬಂತ್ರಿ?’

‘ದೂರ.’

ಅವನ ಕೈ ನಿಂತಿತು. ‘ಎಷ್ಟ್ ದೂರ?’ ಎಂದ. ರಷ್ಯಾದ ಗಡಿ ಅಲ್ಲಿಂದ ಹತ್ತಿರ ಎಂದು ನಾನು ಹೇಳಲಿಲ್ಲ. ಅವನ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿದೆ.

ಕಂಪನಿಯಲ್ಲಿ ಎರಡು ಬಿಡಿಭಾಗಗಳ ನಡುವೆ ಆರಿಸುವಾಗ ಮಾಡುವಂತೆ ನಿನ್ನ ಎರಡು ದಾರಿಗಳನ್ನೂ ಅಕ್ಕಪಕ್ಕ ಬರೆದು ಅಂಕ ಹಾಕಿ ನೋಡಿದೆ. ಸಮ ಬಂತು. ಹಾಗೆ ಬರುವುದು ಅಳೆಯಬೇಕಾದದ್ದನ್ನು ಅಳೆಯದಿದ್ದಾಗ. ಹರಿದು ಹಾಕಿದೆ.

ನಿನ್ನ ಕೋಣೆಯಲ್ಲಿದ್ದ ಅವ್ವನ ಹೊಲಿಗೆ ಯಂತ್ರವನ್ನು ಹೊರಗಿನ ಕೋಣೆಗೆ ತಂದಿಟ್ಟಿದ್ದೇನೆ. ನಿನ್ನ ಕೋಣೆ ಈಗ ಖಾಲಿ ಇದೆ. ಇದಕ್ಕೆ ಅರ್ಥ ಕಟ್ಟಬೇಡ. ಜಾಗ ಮಾಡುವುದಿತ್ತು, ಮಾಡಿದೆ.

ಬೆಳಗ್ಗೆ ಸ್ನಾನವಾದ ಮೇಲೆ ಎಂದಿನಂತೆ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂರುತ್ತೇನೆ. ಅದರ ಭಾರ ಗೊತ್ತಾಗುತ್ತದೆ. ಬೇರೇನೂ ಗೊತ್ತಾಗುವುದಿಲ್ಲ. ನೀನು ಹಾಕಿಕೊಳ್ಳುತ್ತಿದ್ದೀಯಷ್ಟೆ? ಅವ್ವ ಪ್ರತಿ ಸಲ ಕೇಳುತ್ತಿದ್ದಳು, ಆದ್ದರಿಂದ ಕೇಳಿದೆ.

ಎಲ್ಲ ಕ್ಷೇಮ.
ಅಪ್ಪ


ಔಗುಸ್ಟ್‌ಡೋರ್ಫ್
18 ಮೇ 2025

ಅಪ್ಪ,

ಉತ್ತರ ತಡವಾಯಿತು. ಕುರುಚಲು ಬಯಲಿನಲ್ಲಿ ಮೂರು ವಾರ ಅಭ್ಯಾಸವಿತ್ತು. ಮರಳು ಎಲ್ಲ ಕಡೆ ಹೋಗುತ್ತದೆ, ಫಿಲ್ಟರ್ ಒಳಗೂ, ಬ್ರೆಡ್ ಒಳಗೂ.

ಹೌದು, ಲಿಂಗ ಮೈಮೇಲಿದೆ. ನಮ್ಮ ರಿಪೇರಿ ಹಾಲ್‌ನಲ್ಲಿ ಕೊರಳಿಗೆ ಏನೂ ಹಾಕುವಂತಿಲ್ಲ, ತಿರುಗುವ ಭಾಗಕ್ಕೆ ಸಿಕ್ಕಿದರೆ ಕೊರಳೇ ಹೋಗುತ್ತದೆ. ಅದಕ್ಕೆಂದೇ ನಾನು ಸೇರಿದ ವರ್ಷ ಅವ್ವ ಹಸಿರು ಬಟ್ಟೆಯಲ್ಲಿ ರಟ್ಟೆಗೆ ಕಟ್ಟುವ ಪಟ್ಟಿ ಹೊಲಿದುಕೊಟ್ಟಳು, ಸಮವಸ್ತ್ರದ್ದೇ ಬಣ್ಣ. ಸವೆದಾಗ ಹೊಸದು ಹೊಲಿಯುತ್ತಿದ್ದಳು. ಈಗ ಎದೆಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಳ್ಳುತ್ತೇನೆ.

ನಮ್ಮ ಗುರುತಿನ ಬಿಲ್ಲೆಯ ಬಗ್ಗೆ ಒಮ್ಮೆ ಅವಳಿಗೆ ಹೇಳಿದ್ದೆ. ಸೈನಿಕ ಸತ್ತರೆ ಅದನ್ನು ನಡುವೆ ಮುರಿಯುತ್ತಾರೆ, ಅರ್ಧ ದೇಹದ ಜೊತೆ ಉಳಿಯುತ್ತದೆ, ಅರ್ಧ ಕಚೇರಿಗೆ ಹೋಗುತ್ತದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ‘ನಿಮ್ಮ ಸರ್ಕಾರದ್ದು ಅರ್ಧ ಮಾಡ್ಕೊಳ್ರಿ. ಲಿಂಗ ಪೂರ್ತಿ ನಿನ್ನ ಜೋಡೀನ ಇರಬೇಕು’ ಎಂದಳು. ಎರಡನೆಯ ರೊಟ್ಟಿಗೆ ಹೊಟ್ಟೆ ತುಂಬಿತು ಎಂದೆ. ನನ್ನನ್ನು ಬಿಡಲಿಲ್ಲ.

ಮೊನ್ನೆ ಮೇಲಧಿಕಾರಿ ಕರೆದಿದ್ದರು. ಒಳ್ಳೆಯವರು. ‘ಘಟಕಕ್ಕೆ ಏನು ಬೇಕು ಎಂಬುದು ನನಗೆ ಗೊತ್ತು. ನಿಮಗೆ ಏನು ಬೇಕು?’ ಎಂದು ಕೇಳಿದರು. ಅವರ ಕಿಟಕಿಯಲ್ಲಿ ಒಂದು ಕಳ್ಳಿಗಿಡವಿದೆ. ಅದನ್ನು ನೋಡುತ್ತ, ‘ಯೋಚಿಸುತ್ತಿದ್ದೇನೆ’ ಎಂದೆ. ನಾನು ಯೋಚಿಸುತ್ತಿರಲಿಲ್ಲ. ಬೇಕು ಎಂದು ಹುಡುಕಿದರೆ ಕೈಗೆ ಏನೂ ತಾಗುವುದಿಲ್ಲ.

ಭೂಮಿಕಾ


ಎರ್ಲಾಂಗೆನ್
22 ಜೂನ್ 2025

ಚಿ. ಭೂಮಿಕಾಗೆ ಆಶೀರ್ವಾದ.

ಸಮಾಧಿಯ ಮಣ್ಣು ಒಂದು ಗೇಣು ಕುಸಿದಿದೆ. ನೋಡಿದಾಗ ಗಾಬರಿಯಾಯಿತು. ಪಕ್ಕದ ಸಮಾಧಿಗೆ ನೀರು ಹಾಕಲು ಬರುವ ಮುದುಕಿ, ‘ಮೊದಲ ವರ್ಷ ಹೀಗೇ. ಪೆಟ್ಟಿಗೆಯ ಮೇಲಿನದೆಲ್ಲ ಇಳಿಯುತ್ತದೆ. ಆಮೇಲೆ ನಿಲ್ಲುತ್ತದೆ’ ಎಂದರು. ತಮ್ಮ ನೀರಿನ ಕ್ಯಾನನ್ನು ನನಗೆ ಕೊಟ್ಟು, ನಾನು ತುಂಬಿಸಿ ತರುವವರೆಗೆ ಅವ್ವನ ಮರದ ಫಲಕವನ್ನು ಕರವಸ್ತ್ರದಿಂದ ಒರೆಸಿದರು. ನಾನು ಮಣ್ಣು ತಂದು ಹಾಕಿ ಸಮ ಮಾಡಿದೆ.

ನಾನು ಮುಂದಿನ ವಸಂತಕ್ಕೆ ನಿವೃತ್ತನಾಗುತ್ತೇನೆ. ಅದು ಸಿದ್ದಕ್ಕನಿಗೆ ಹೇಗೋ ಗೊತ್ತಾಗಿದೆ. ಫೋನ್ ಮಾಡಿದ್ದಳು.

‘ಅಲ್ಲೋ ಚನ್ನಮಲ್ಲ, ಕೆಲಸ ಮುಗದ ಮ್ಯಾಲೆ ಅಲ್ಲೇನ್ ಮಾಡ್ತಿ? ಬಾ ಇಲ್ಲಿ. ಮ್ಯಾಲಿನ ಮನಿ ಖಾಲಿ ಐತಿ, ಬಾಡಿಗಿದಾರನ್ನ ಬಿಡಿಸೀನಿ.’

‘ಭೂಮಿಕಾ ಇಲ್ಲಿಗೆ ಬರಬಹುದು. ಇನ್ನೂ ಗೊತ್ತಿಲ್ಲ.’

‘ಆ ಹುಡುಗಿ ಟ್ಯಾಂಕ್ ಬಿಟ್ಟು ನಿನಗ ರೊಟ್ಟಿ ಬಡ್ಯಾಕ ಬರ್ತಾಳೇನು?’

‘ರೊಟ್ಟಿ ನಾನ ಬಡಿತೀನಿ.’

‘ಹಂಗಾದ್ರ ಇಬ್ರೂ ಉಪಾಸ ಬೀಳ್ತೀರಿ’ ಎಂದು ಇಟ್ಟಳು.

ಇದನ್ನು ಬರೆದದ್ದು ನಿನ್ನ ಮೇಲೆ ಭಾರ ಹಾಕಲಿಕ್ಕಲ್ಲ. ನೀನು ರೋಟ್‌ಗೆ ಬಂದರೆ ನಾನು ಇಲ್ಲಿರುತ್ತೇನೆ. ಬರದಿದ್ದರೆ ಏನು ಮಾಡುತ್ತೇನೆ ಎಂಬುದು ನನಗೆ ಸದ್ಯ ಗೊತ್ತಿಲ್ಲ. ಗೊತ್ತಿಲ್ಲ ಎಂಬುದರಿಂದ ತೊಂದರೆಯೂ ಆಗುತ್ತಿಲ್ಲ. ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ಹೋಗುತ್ತೇನೆ, ಬರುತ್ತೇನೆ.

ಎಲ್ಲ ಕ್ಷೇಮ.
ಅಪ್ಪ


ಔಗುಸ್ಟ್‌ಡೋರ್ಫ್
10 ಆಗಸ್ಟ್ 2025

ಅಪ್ಪ,

ಈ ಪತ್ರದ ಜೊತೆ ದಪ್ಪ ಲಕೋಟೆಯಲ್ಲಿ ನನ್ನ ಲಿಂಗವನ್ನು ಕಳಿಸುತ್ತಿದ್ದೇನೆ. ರಿಜಿಸ್ಟರ್ ಮಾಡಿಸುತ್ತೇನೆ.

ಹೋದ ವಾರ ಟ್ಯಾಂಕ್ ಕೆಳಗೆ ಮಲಗಿ ಕೆಲಸ ಮಾಡುವಾಗ ಜೇಬಿನ ಗುಂಡಿ ಕಿತ್ತುಹೋಯಿತು. ಗೊತ್ತಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂರುವ ಮುಂಚೆ ಜೇಬು ಮುಟ್ಟಿ ನೋಡಿದೆ, ಇರಲಿಲ್ಲ. ಊಟ ಬಿಟ್ಟು ಹುಡುಕಿದೆ. ಜೊತೆಯವರೆಲ್ಲ ಹುಡುಕಿದರು. ಏನು ಹುಡುಕುತ್ತಿದ್ದೇವೆ ಎಂದು ಕೇಳಿದವರಿಗೆ ‘ಬೆಳ್ಳಿಯ ಡಬ್ಬಿ, ಒಳಗೆ ಕಪ್ಪು ಕಲ್ಲು’ ಎಂದೆ. ‘ಬೆಲೆ ಎಷ್ಟು?’ ಎಂದು ಒಬ್ಬ ಕೇಳಿದ. ಇನ್ನೊಬ್ಬ, ‘ಅವಳು ಊಟ ಬಿಟ್ಟಿದ್ದಾಳೆ, ಬೆಲೆ ಕೇಳಬೇಡ, ಹುಡುಕು’ ಎಂದ. ಕೊನೆಗೆ ಹಳೆಯ ಎಣ್ಣೆ ಸುರಿಯುವ ತಟ್ಟೆಯ ತಳದಲ್ಲಿ ಸಿಕ್ಕಿತು. ಬೆಳ್ಳಿಯ ಕರಡಿಗೆ ನೆಗ್ಗಿದೆ. ಲಿಂಗಕ್ಕೆ ಏನೂ ಆಗಿಲ್ಲ. ತೊಳೆದಿದ್ದೇನೆ, ವಾಸನೆ ಇನ್ನೂ ಸ್ವಲ್ಪ ಇದೆ.

ನನ್ನ ಹತ್ತಿರ ಇದ್ದರೆ ಇನ್ನೊಮ್ಮೆ ಕಳೆಯುತ್ತದೆ. ನಿಮ್ಮ ಹತ್ತಿರ ಭದ್ರವಾಗಿರುತ್ತದೆ. ಇಟ್ಟುಕೊಂಡಿರಿ.

ಭೂಮಿಕಾ


ಎರ್ಲಾಂಗೆನ್
16 ಆಗಸ್ಟ್ 2025

ಭೂಮಿಕಾ,

ಲಕೋಟೆ ಇವತ್ತು ಬಂತು. ಪತ್ರ ಕೆಳಗಿತ್ತು, ಲಿಂಗ ಮೇಲಿತ್ತು. ಮೊದಲು ಕೈಗೆ ಬಂದದ್ದು ಲಿಂಗ.

ಬೆಳಗ್ಗೆ ನಿನಗೆ ಫೋನ್ ಬಂದಿರಬೇಕು. ನೀನು ‘ಹಲೋ’ ಎಂದೆ, ಆ ಕಡೆಯವರು ಇಟ್ಟುಬಿಟ್ಟರು. ಅದು ನಾನು. ಪತ್ರವನ್ನು ಆಗಿನ್ನೂ ನೋಡಿರಲಿಲ್ಲ. ನಿನ್ನ ದನಿ ಕೇಳಬೇಕಾಗಿತ್ತು, ಅಷ್ಟೆ.

ನಮ್ಮಲ್ಲಿ ಲಿಂಗ ಮೈಯನ್ನು ಬಿಟ್ಟು ಒಂಟಿಯಾಗಿ ಮನೆಗೆ ಬರುವುದಿಲ್ಲ. ಮನುಷ್ಯ ಇರುವತನಕ ಅವನ ಮೈಮೇಲಿರುತ್ತದೆ. ಹೋದರೆ ಅವನ ಎಡ ಅಂಗೈಯಲ್ಲಿ ಮಣ್ಣಿಗೆ ಹೋಗುತ್ತದೆ. ನಿನಗೆ ಇದು ಗೊತ್ತು, ಜನವರಿಯಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದೆ. ಭದ್ರವಾಗಿರಲಿ ಎಂದು ಕಳಿಸಿದ್ದೀಯ. ಅದೂ ನನಗೆ ಅರ್ಥವಾಗುತ್ತದೆ.

ಬೆಳಗ್ಗೆ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಕುಳಿತೆ. ನಿನ್ನದು ಎಂಜಿನ್ ಎಣ್ಣೆಯ ವಾಸನೆ ಹೊಡೆಯುತ್ತದೆ.

ಜೇಬಿನಲ್ಲಿ ಯಾಕೆ ಇಟ್ಟುಕೊಳ್ಳುತ್ತಿದ್ದೆ? ಅವ್ವ ಹೊಲಿದ ಪಟ್ಟಿ ಏನಾಯಿತು? ಹರಿಯಿತೇ?

ಅಪ್ಪ


ಔಗುಸ್ಟ್‌ಡೋರ್ಫ್
24 ಆಗಸ್ಟ್ 2025

ಅಪ್ಪ,

ಪಟ್ಟಿ ಹರಿದಿಲ್ಲ. ಅದು ಅವ್ವನ ಕೈಯಲ್ಲಿದೆ.

ಶವಸಂಸ್ಕಾರ ಸಂಸ್ಥೆಯವರ ಕೋಣೆಯಲ್ಲಿ, ಪೆಟ್ಟಿಗೆ ಮುಚ್ಚುವ ಮುಂಚೆ, ನೀವು ಅವಳ ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟಿರಿ. ಬೆರಳುಗಳು ಮಡಚಲಿಲ್ಲ. ಎರಡು ಸಲ ಪ್ರಯತ್ನಿಸಿ ಕಿಟಕಿಯ ಕಡೆ ಹೋಗಿ ನಿಂತಿರಿ. ಆ ಸಂಸ್ಥೆಯ ಮನುಷ್ಯ ನನ್ನ ಹತ್ತಿರ ಬಂದು, ‘ಅಂಟಿಸುವ ಟೇಪ್ ತರಲೇ?’ ಎಂದು ಮೆಲ್ಲಗೆ ಕೇಳಿದ. ಬೇಡ ಎಂದೆ. ಕೋಟು ತೆಗೆದು ನನ್ನ ರಟ್ಟೆಯ ಪಟ್ಟಿಯನ್ನು ಬಿಚ್ಚಿ ಅವಳ ಕೈಗೆ ಸುತ್ತಿ ಕಟ್ಟಿದೆ. ರಟ್ಟೆಗೆ ಎರಡು ಸುತ್ತು ಕಟ್ಟುವಂಥದ್ದಾದ್ದರಿಂದ ಮೂರು ಸುತ್ತು ಬಂತು. ಲಿಂಗ ಅಲುಗದಂತೆ ಕೂತಿತು. ನೀವು ತಿರುಗುವಷ್ಟರಲ್ಲಿ ಮೇಲೆ ಹೂವು ಇಟ್ಟಿದ್ದೆ.

ಕಿಟಕಿಯ ಗಾಜಿನಲ್ಲಿ ನೀವು ನೋಡಿದ್ದೀರಿ ಎಂದುಕೊಂಡಿದ್ದೆ. ನೋಡಿಲ್ಲ ಎಂದು ಈಗ ಗೊತ್ತಾಯಿತು.

ಲಕೋಟೆ ನಿಮಗೆ ಹೇಗೆ ಕಾಣಬಹುದು ಎಂದು ನನಗೆ ಹೊಳೆಯಲಿಲ್ಲ. ಅಂಚೆ ಕಚೇರಿಯಲ್ಲಿ ತೂಕ ಮಾಡಿದಾಗಲೂ ಹೊಳೆಯಲಿಲ್ಲ.

ರೋಟ್‌ನ ಮೀಸಲು ಸೇವೆಯ ಅರ್ಜಿಯನ್ನು ತುಂಬಿಟ್ಟಿದ್ದೇನೆ. ಸಹಿ ಒಂದು ಬಾಕಿ. ಬಾ ಎಂದು ಯಾರೂ ಹೇಳಿಲ್ಲ, ಹೋಗು ಎಂದೂ ಹೇಳಿಲ್ಲ. ಆದ್ದರಿಂದ ಹತ್ತಿರ ಇರುವುದನ್ನು ಆರಿಸಿದೆ. ಯಾವುದಾದರೂ ಒಂದನ್ನು ಆರಿಸಬೇಕಲ್ಲ.

ಭೂಮಿಕಾ


ಎರ್ಲಾಂಗೆನ್
7 ಸೆಪ್ಟೆಂಬರ್ 2025

ಚಿ. ಭೂಮಿಕಾಗೆ ಆಶೀರ್ವಾದ.

ನಿನ್ನ ಪತ್ರ ಓದಿ ಮಡಚಿಟ್ಟೆ.

ಅವ್ವನ ಹೊಲಿಗೆ ಯಂತ್ರ ಕಲಿಯುತ್ತಿದ್ದೇನೆ. ದಾರದ ಬಿಗಿತ ಸರಿಮಾಡಲು ಒಂದು ಇಡೀ ಶನಿವಾರ ಹೋಯಿತು. ಹೊಸ ಪಟ್ಟಿಗೆ ಬಟ್ಟೆ ಸಿಕ್ಕಿದೆ, ಅವಳ ಡಬ್ಬದಲ್ಲೇ ಅದೇ ಹಸಿರು ಉಳಿದಿತ್ತು. ಮೊದಲ ನಾಲ್ಕು ಕೆಟ್ಟವು. ಪ್ರವೀಣಕುಮಾರ ಬಂದು ನೋಡಿ, ‘ಕಾಕಾ, ಇದಕ್ಕ ಟಾಲರೆನ್ಸ್ ಎಷ್ಟ್ ಇಟ್ಟೀರಿ? ಡ್ರಾಯಿಂಗ್ ಎಲ್ಲೈತ್ರಿ?’ ಎಂದು ನಕ್ಕ. ಡ್ರಾಯಿಂಗ್ ತೋರಿಸಿದೆ. ನಗು ನಿಲ್ಲಿಸಿ, ‘ಹೊಲಗಿ ಎರಡು ಸಾಲು ಹಾಕ್ರಿ, ಅಕಿ ಭಾಳ ಎಳದಾಡ್ತಾಳ’ ಎಂದ. ಎರಡು ಸಾಲು ಹಾಕುತ್ತಿದ್ದೇನೆ. ನಿನ್ನ ಎಡರಟ್ಟೆಯ ಸುತ್ತಳತೆ ಕಳಿಸು. ಟೇಪನ್ನು ಸಡಿಲ ಬಿಡಬೇಡ.

ಬಾ ಎಂದು ಯಾರೂ ಹೇಳಿಲ್ಲ ಎಂದು ಬರೆದಿದ್ದೀಯ. ನಿಜ.

ಬಾ. ನಾನು ಕರೆಯುತ್ತಿದ್ದೇನೆ. ಆ ಕೋಣೆಯನ್ನು ಸುಮ್ಮನೆ ಖಾಲಿ ಮಾಡಲಿಲ್ಲ. ಮನೆಗೆ ಬಂದು ಬಾಗಿಲು ತೆರೆದಾಗ ನಾನು ಬಿಟ್ಟುಹೋದದ್ದೆಲ್ಲ ಬಿಟ್ಟಲ್ಲೇ ಇರುತ್ತದೆ, ಲೋಟವೂ ಸಹ. ಅದನ್ನು ಯಾರಾದರೂ ಅತ್ತಿತ್ತ ಮಾಡಬೇಕು ಅನ್ನಿಸುತ್ತದೆ. ನಿನ್ನ ಒಳ್ಳೆಯದಕ್ಕೆ ಎಂದು ಹೇಳುವುದಿಲ್ಲ. ನನಗೆ ಬೇಕು.

ಈ ಸಾಲನ್ನು ಫೆಬ್ರುವರಿಯಲ್ಲೇ ಬರೆಯಬಹುದಿತ್ತು.

ಅಪ್ಪ


ಔಗುಸ್ಟ್‌ಡೋರ್ಫ್
14 ಸೆಪ್ಟೆಂಬರ್ 2025

ಅಪ್ಪ,

ನಿಮ್ಮ ಪತ್ರವನ್ನು ಹಾಲ್‌ನ ಹೊರಗೆ ನಿಂತು ಓದಿದೆ. ‘ಬಾ’ ಎಂಬಲ್ಲಿಗೆ ಬಂದ ಕೂಡಲೇ ಬೇಡ ಅನ್ನಿಸಿತು. ಯೋಚಿಸಿ ಅಲ್ಲ. ಬಿಸಿ ಪೈಪ್ ಮುಟ್ಟಿದ ಕೈ ಹಿಂದಕ್ಕೆ ಬರುತ್ತದಲ್ಲ, ಹಾಗೆ.

ಜನವರಿಯಿಂದ ನನಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸಿದ ಮೊದಲನೆಯದು ಇದು. ನಿಮ್ಮನ್ನು ನೋಯಿಸುವಂಥದ್ದೇ ಆಗಿದೆ. ಮುಚ್ಚಿಡಬಹುದಿತ್ತು, ಆದರೆ ನೀವು ಇದ್ದದ್ದನ್ನು ಬರೆದಿದ್ದೀರಿ.

ಆ ಕೋಣೆ ನನಗೆ ಬೇಡ. ಸಂಜೆ ರೋಟ್‌ನಿಂದ ಬಂದು ‘ಊಟ ಆತೇನ್ರಿ’ ಎಂದು ನಿಮ್ಮೆದುರು ಕೂತು ಕೇಳುವುದು ಬೇಡ. ಕೆಲವು ತಿಂಗಳಿಗೊಮ್ಮೆ ಅರ್ಜಿ ಹಾಕಿ, ಇನ್ನೂ ಇರಲೇ ಎಂದು ಕೇಳುವುದೂ ಬೇಡ. ಲಿಥುವೇನಿಯಾ ನನ್ನನ್ನು ಕರೆಯುತ್ತಿದೆ ಎಂದೇನಲ್ಲ. ಅಲ್ಲಿ ಬರೀ ಪೈನ್ ಮರಗಳಿವೆಯಂತೆ. ಆದರೆ ಎಂಜಿನ್ ಎತ್ತುವಾಗ ನಾವು ನಾಲ್ವರು ನಾಲ್ಕು ಮೂಲೆಗೆ ನಿಲ್ಲುತ್ತೇವೆ. ಯಾರೂ ಮಾತಾಡುವುದಿಲ್ಲ. ನನ್ನ ಮೂಲೆ ನನಗೆ ಗೊತ್ತು. ಅದು ಬೇಕು.

ಸಹಿ ಹಾಕುವ ಮುಂಚೆ ನಿಮಗೆ ಹೇಳುತ್ತಿದ್ದೇನೆ. ಸಕ್ರಿಯ ಸೇವೆಗೆ ಹಾಕುತ್ತೇನೆ. ರೋಟ್‌ನ ಅರ್ಜಿಯನ್ನು ಹರಿದಿದ್ದೇನೆ.

ರಟ್ಟೆ ಇಪ್ಪತ್ತೊಂಬತ್ತು ಸೆಂಟಿಮೀಟರ್. ಪಟ್ಟಿಯನ್ನೂ ಲಿಂಗವನ್ನೂ ಅಂಚೆಯಲ್ಲಿ ಕಳಿಸಿದರೆ ಸಾಕು. ಕಳಿಸದಿದ್ದರೂ ನನಗೆ ಅರ್ಥವಾಗುತ್ತದೆ.

ಭೂಮಿಕಾ


ಎರ್ಲಾಂಗೆನ್
20 ಸೆಪ್ಟೆಂಬರ್ 2025

ಭೂಮಿಕಾ,

ಬೇಡ ಎಂಬುದನ್ನು ಓದಿದೆ. ಒಮ್ಮೆ ಓದಿದರೆ ಸಾಕಾಗುವಂತೆ ಬರೆದಿದ್ದೀಯ.

ಲಿಂಗವನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಒಮ್ಮೆ ಬಂದದ್ದು ಸಾಕು. ಮುಂದಿನ ಶನಿವಾರ ಮಧ್ಯಾಹ್ನ ಡೆಟ್‌ಮೋಲ್ಡ್ ಸ್ಟೇಷನ್ನಿಗೆ ಬರುತ್ತೇನೆ. ನೀನು ಅಲ್ಲಿಯವರೆಗೆ ಬಂದರೆ ಸಾಕು. ಸಂಜೆಯ ರೈಲಿಗೆ ವಾಪಸು.

ಸಹಿಯ ಬಗ್ಗೆ ಮಾತಾಡಲು ಬರುತ್ತಿಲ್ಲ.

ಅಪ್ಪ


ಔಗುಸ್ಟ್‌ಡೋರ್ಫ್
5 ಅಕ್ಟೋಬರ್ 2025

ಅಪ್ಪ,

ಸೋಮವಾರ ಸಹಿ ಹಾಕಿದೆ. ಜನವರಿ ಮೊದಲ ವಾರ ಹೊರಡುತ್ತೇವೆ.

ಪಟ್ಟಿ ಸರಿಯಾಗಿ ಕೂತಿದೆ. ಸ್ಟೇಷನ್ನಿನ ಬೆಂಚಿನ ಮೇಲೆ ನೀವು ನನ್ನ ತೋಳು ಮಡಚಿ ಕಟ್ಟುತ್ತಿದ್ದಾಗ ಎದುರಿಗಿದ್ದ ಹೆಂಗಸು ನನಗೆ ಗಾಯವಾಗಿದೆ ಎಂದುಕೊಂಡಳು. ನಿಮ್ಮ ಚೀಲದಲ್ಲಿ ಇನ್ನಷ್ಟು ಬ್ಯಾಂಡೇಜ್ ಇದೆಯೇ ಎಂದು ಇಣುಕುತ್ತಿದ್ದಳು. ನೀವು ನೋಡಲಿಲ್ಲ.

‘ಬಿಗಿ ಆತೇನ?’ ಎಂದಿರಿ.

‘ಇಲ್ಲ.’

‘ಕೈ ಮಡಚು. ಈಗ?’

‘ಈಗೂ ಇಲ್ಲ.’

‘ಖರೇ ಹೇಳು.’

‘ಸ್ವಲ್ಪ ಬಿಗಿ ಐತ್ರಿ.’

‘ನೀ ಅಳತಿ ತಪ್ಪು ಕೊಟ್ಟಿ.’

‘ನೀವು ತಪ್ಪು ಹೊಲದೀರಿ.’

‘ನಂದು ತಪ್ಪಾಗಂಗಿಲ್ಲ. ಡ್ರಾಯಿಂಗ್ ಐತಿ.’

ಆಗ ನೀವು ನಕ್ಕಿರಿ ಅನ್ನಿಸುತ್ತದೆ. ರೈಲು ಬರುತ್ತಿತ್ತು, ಖಚಿತವಾಗಲಿಲ್ಲ. ಆಮೇಲೆ ‘ಊಟ ಆತೇನ್ರಿ’ ಎಂದು ನಾನು ಕೇಳಿದೆ, ‘ಇಲ್ಲ’ ಎಂದಿರಿ. ಇದುವರೆಗೆ ನೀವು ಹಾಗೆ ಹೇಳಿದ್ದೇ ಇಲ್ಲ. ಬೆಂಚಿನ ಮೇಲೆ ನಿಮ್ಮ ರೊಟ್ಟಿ ತಿಂದೆವು. ಗಟ್ಟಿಯಾಗಿದ್ದವು. ಆವತ್ತು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನೀವು ಕೊಟ್ಟ ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿಯನ್ನು ನಿನ್ನೆ ತೆಗೆದೆ. ಅದರ ಕೆಳಗೆ ಕಾಗದದಲ್ಲಿ ಸುತ್ತಿದ ಇನ್ನೊಂದು ಪಟ್ಟಿ ಇತ್ತು. ಅದೇ ಹಸಿರು, ಎರಡು ಸಾಲು ಹೊಲಿಗೆ. ಆದರೆ ತುಂಬ ಗಿಡ್ಡ. ನನ್ನ ರಟ್ಟೆಗೆ ಬರುವುದಿಲ್ಲ. ಕೆಟ್ಟುಹೋದ ನಾಲ್ಕರಲ್ಲಿ ಒಂದೇ? ನೋಡಿದರೆ ಕೆಟ್ಟದ್ದರಂತಿಲ್ಲ.

ಭೂಮಿಕಾ


ಎರ್ಲಾಂಗೆನ್
2 ನವೆಂಬರ್ 2025

ಚಿ. ಭೂಮಿಕಾಗೆ ಅಪ್ಪನ ಆಶೀರ್ವಾದ.

ಕಲ್ಲು ಇಟ್ಟರು. ಮಣ್ಣು ಕೂತಿದೆ ಎಂದು ಅವರು ಸಲಾಕೆ ಇಳಿಸಿ ನೋಡಿದರು, ನಾನೂ ನೋಡಿದೆ. ಹೆಸರನ್ನು ಕನ್ನಡದಲ್ಲೂ ಕೆತ್ತಿಸಿದ್ದೇನೆ. ಪಕ್ಕದ ಮುದುಕಿ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ‘ಎಲ್ಲವೂ ದುಂಡಗಿವೆ’ ಎಂದರು.

ಮಲಗಿಸಿ ಮಣ್ಣು ಕೊಟ್ಟೆವು ಎಂಬುದನ್ನು ಸಿದ್ದಕ್ಕನಿಗೆ ಕೊನೆಗೂ ಹೇಳಿದೆ. ಬೈಯುತ್ತಾಳೆ ಎಂದು ಫೋನನ್ನು ಕಿವಿಯಿಂದ ದೂರ ಹಿಡಿದಿದ್ದೆ. ಬೈಯಲಿಲ್ಲ. ‘ಮಲಗಲಿ ಬಿಡೋ. ಜನ್ಮ ಪೂರ್ತಿ ಕುಂತಿದ್ದು ಎಲ್ಲಿ ಆಕಿ’ ಎಂದಳು. ನಿವೃತ್ತನಾದ ಮೇಲೆ ಚಳಿಗಾಲದಲ್ಲಿ ಅವಳಲ್ಲಿಗೆ ಹೋಗುತ್ತೇನೆ, ಬೇಸಗೆಯಲ್ಲಿ ಇಲ್ಲಿರುತ್ತೇನೆ. ಬೇಸಗೆಯಲ್ಲಿ ಸಮಾಧಿಯ ಗಿಡಗಳಿಗೆ ನೀರು ಬೇಕು.

ರೊಟ್ಟಿ ಗಟ್ಟಿಯಾಗಿದ್ದದ್ದು ನನಗೂ ಗೊತ್ತಿತ್ತು.

ಗಿಡ್ಡ ಪಟ್ಟಿ ಕೆಟ್ಟದ್ದಲ್ಲ. ಅದು ನನ್ನದು. ರಟ್ಟೆಗಲ್ಲ, ಅಂಗೈಗೆ. ಅವ್ವನ ಕೈಗೆ ಮೂರು ಸುತ್ತು ಬಂತು ಎಂದು ನೀನು ಬರೆದಿದ್ದೆ. ಇದು ಒಂದೇ ಸುತ್ತಿಗೆ ಸರಿಯಾಗಿದೆ. ಬೆರಳು ಮಡಚದೆ, ಕೈ ಸಡಿಲ ಬಿಟ್ಟು, ಅಳತೆ ತೆಗೆದಿದ್ದೇನೆ. ನಾನು ಎಡಗೈ ಹಿಡಿದೆ, ಪ್ರವೀಣಕುಮಾರ ಟೇಪ್ ಹಿಡಿದ. ಯಾಕೆ ಎಂದು ಅವನು ಕೇಳಲಿಲ್ಲ.

ಇದನ್ನು ನನ್ನ ಬಳಿ ಇಟ್ಟುಕೊಂಡು ಉಪಯೋಗವಿಲ್ಲ. ಕಟ್ಟಬೇಕಾದವಳು ನೀನು. ನಿನ್ನ ಸಾಮಾನಿನ ಜೊತೆ ಲಿಥುವೇನಿಯಾಕ್ಕೆ ತೆಗೆದುಕೊಂಡು ಹೋಗು. ಅಂಚೆಯಲ್ಲಿ ಕಳಿಸುವ ವಸ್ತುವಲ್ಲ ಇದು. ನೀನೇ ವಾಪಸು ತರಬೇಕು.

ಅವಸರವಿಲ್ಲ.

ಎಲ್ಲ ಕ್ಷೇಮ.
ಅಪ್ಪ